ಮನೆಯ ಕಾರ್ಯಾಗಾರದಲ್ಲಿ ಟಿಗ್ ಬೆಸುಗೆ ಯಂತ್ರದ ನಿಯಂತ್ರಣದೋಷಗಳು

ಯಂತ್ರವೊಂದು ಕೆಟ್ಟಿತೆಂದು ಹೇಳುವಾಗ ನಾವು ಸಾಮಾನ್ಯವಾಗಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಅಡಗಿಸಿಬಿಡುತ್ತೇವೆ. ಶಕ್ತಿಯನ್ನು ಮಾರ್ಪಡಿಸಿ ಒದಗಿಸುವ ಭಾಗ ಕೆಟ್ಟಿರುವುದು ಒಂದು ಬಗೆ. ಆ ಶಕ್ತಿಗೆ ‘ಬಾ’, ‘ಇಷ್ಟೇ ಬಾ’, ‘ನಿಲ್ಲು’ ಎಂದು ಅಪ್ಪಣೆ ಕೊಡುವ ಭಾಗ ಕೆಟ್ಟಿರುವುದು ಇನ್ನೊಂದು ಬಗೆ. ಮೊದಲನೆಯದನ್ನು ಸರಿಪಡಿಸಲು ವಿಶೇಷ ಪರಿಣತಿಯೂ ಬೆಲೆಬಾಳುವ ಬಿಡಿಭಾಗಗಳೂ ಬೇಕು. ಎರಡನೆಯದಕ್ಕೆ ಬೇಕಾದುದು ಬಹುಮಟ್ಟಿಗೆ ಒಂದು ಮೀಟರು, ಒಂದು ಸಾಲ್ಡರಿಂಗ್ ಕಡ್ಡಿ, ಮತ್ತು ಕ್ರಮವಾಗಿ ಯೋಚಿಸುವ ತಾಳ್ಮೆ. ಆದರೆ ಅಪಾಯದ ದೃಷ್ಟಿಯಿಂದ ನೋಡಿದರೆ ಎರಡನೆಯ ಬಗೆಯೇ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ಶಕ್ತಿಯ ಭಾಗ ಕೆಟ್ಟ ಯಂತ್ರ ಬಹುಪಾಲು ಸುಮ್ಮನಾಗುತ್ತದೆ. ಅಪ್ಪಣೆಯ ಭಾಗ ಕೆಟ್ಟ ಯಂತ್ರವಾದರೋ ಪೂರ್ಣಶಕ್ತಿಯಿಂದ ಕೂಡಿದ್ದು ಯಾರ ಮಾತನ್ನೂ ಕೇಳದಂತಾಗುತ್ತದೆ.

ನಮ್ಮ ವಿಭಾಗದ ಪ್ರಯೋಗಗಳಿಗೆ ಬೇಕಾದ ತುಕ್ಕುಹಿಡಿಯದ ಉಕ್ಕಿನ ಸಣ್ಣ ಪಾತ್ರೆಗಳನ್ನೂ ಕೊಳವೆಗಳನ್ನೂ ನಾವು ನಮ್ಮಲ್ಲೊಬ್ಬರ ಮನೆಯ ಹಿತ್ತಿಲ ಕಾರ್ಯಾಗಾರದಲ್ಲಿ ಬೆಸೆದುಕೊಳ್ಳುತ್ತೇವೆ. ಅಲ್ಲಿರುವುದು 200 ಆಂಪಿಯರ್ ಸಾಮರ್ಥ್ಯದ, ಏಕಮುಖ ಪ್ರವಾಹದ, ಇನ್ವರ್ಟರ್ ಮಾದರಿಯ ಒಂದು ಟಿಗ್ ಯಂತ್ರ. ಅದರ ನಿಯಂತ್ರಣಾಂಗಗಳು ಒಂದಾದ ಮೇಲೊಂದು ಕೆಟ್ಟಾಗ ನಾವು ಕಲಿತುದನ್ನೂ, ಒಮ್ಮೆ ಮಾಡಿದ ತಪ್ಪನ್ನೂ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಭೌತವಿಜ್ಞಾನದ ಪಾಠದಲ್ಲಿ ಬರುವ ವಿಭವವಿಭಾಜಕ, ಧಾರಕದ ವಿಸರ್ಜನೆ ಮುಂತಾದ ವಿಷಯಗಳಿಗೆ ಇಲ್ಲಿ ನೇರವಾದ ಪ್ರಯೋಜನ ಕಂಡುಬರುವುದರಿಂದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ಉಪಯುಕ್ತವಾದೀತೆಂದು ನಂಬಿದ್ದೇವೆ.

ಬೆಸುಗೆಯ ತತ್ತ್ವ

ಟಿಗ್ ಎಂಬುದು ‘ಟಂಗ್‌ಸ್ಟನ್ ಇನರ್ಟ್ ಗ್ಯಾಸ್’ ಎಂಬ ಮೂರು ಪದಗಳ ಮೊದಲಕ್ಷರಗಳಿಂದಾದ ಹೆಸರು. ಮೊನಚಾದ ಟಂಗ್‌ಸ್ಟನ್ ಕಡ್ಡಿಗೂ ಬೆಸೆಯಬೇಕಾದ ಲೋಹಕ್ಕೂ ನಡುವೆ ಆರ್ಕ್ ಎಂದು ಕರೆಯುವ ವಿದ್ಯುಚ್ಚಾಪವನ್ನು ಹೊತ್ತಿಸಿ, ಅದರ ಶಾಖದಿಂದ ಲೋಹದ ಅಂಚುಗಳನ್ನು ಕರಗಿಸಿ ಕೂಡಿಸುವುದು ಇದರ ಕ್ರಮ. ಟಂಗ್‌ಸ್ಟನ್ ಕರಗಲು 3,422 ಸೆಂಟಿಗ್ರೇಡ್ ಡಿಗ್ರಿಗಳ ಉಷ್ಣತೆ ಬೇಕಾದುದರಿಂದ ಕಡ್ಡಿ ತಾನು ಕರಗದೆ ಉಳಿಯುತ್ತದೆ. ಆದರೆ ಕಾದ ಟಂಗ್‌ಸ್ಟನ್ನಿಗೆ ಗಾಳಿಯ ಆಮ್ಲಜನಕ ತಾಗಿದೊಡನೆ ಅದು ಉತ್ಕರ್ಷಣಗೊಂಡು ಹಾಳಾಗುತ್ತದೆ. ಕರಗಿದ ಲೋಹದ ಗತಿಯೂ ಹಾಗೆಯೇ. ಆದಕಾರಣ ಎರಡನ್ನೂ ಜಡಾನಿಲದ ಹೊದಿಕೆಯಲ್ಲಿಡಬೇಕು. 1894ರಲ್ಲಿ ರ್‍ಯಾಲೆ ಮತ್ತು ರಾಮ್ಸೆ ಎಂಬ ವಿಜ್ಞಾನಿಗಳು ಕಂಡುಹಿಡಿದ ಆರ್ಗಾನ್, ಗಾಳಿಯಲ್ಲಿ ಶೇಕಡಾ 0.93ರಷ್ಟು ಇದ್ದು, ಇಂದು ಈ ಕೆಲಸಕ್ಕೆ ಬಹುವಾಗಿ ಬಳಕೆಯಲ್ಲಿದೆ. 1940ರ ದಶಕದ ಆದಿಯಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಾರ್ಖಾನೆಯಲ್ಲಿ ರಸೆಲ್ ಮೆರೆಡಿತ್ ಈ ಕ್ರಮವನ್ನು ಮ್ಯಾಗ್ನೀಸಿಯಮ್ ಬೆಸೆಯುವುದಕ್ಕಾಗಿ ರೂಪಿಸಿದಾಗ ಬಳಸಿದುದು ಹೀಲಿಯಮ್ ಅನಿಲವನ್ನು.

ಇನ್ವರ್ಟರ್ ಯಂತ್ರದಲ್ಲಿ ಮನೆಗೆ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಮೊದಲು ಏಕಮುಖವಾಗಿ ತಿದ್ದುತ್ತಾರೆ. ಆಗ ಧಾರಕಗಳಲ್ಲಿ ನಿಲ್ಲುವ ವೋಲ್ಟೇಜು 230ರ 1.414 ಪಟ್ಟು, ಎಂದರೆ ಸುಮಾರು 325. ಟ್ರಾನ್ಸಿಸ್ಟರುಗಳು ಇದನ್ನು ಸೆಕೆಂಡಿಗೆ ಹಲವು ಹತ್ತು ಸಾವಿರ ಬಾರಿ ತುಂಡರಿಸಿ ಒಂದು ಚಿಕ್ಕ ಪರಿವರ್ತಕಕ್ಕೆ ಕೊಡುತ್ತವೆ. ಅಲ್ಲಿಂದ ಕಡಮೆ ವೋಲ್ಟೇಜಿನ, ಹೆಚ್ಚು ಆಂಪಿಯರಿನ ಪ್ರವಾಹ ಹೊರಬರುತ್ತದೆ. ಈ ಶಕ್ತಿಮಾರ್ಗಕ್ಕಿಂತ ಬೇರೆಯಾಗಿ, ಕೆಲವೇ ವೋಲ್ಟುಗಳಲ್ಲಿ ನಡೆಯುವ ಅಪ್ಪಣೆಯ ಮಾರ್ಗವೊಂದಿದೆ. ನಮ್ಮ ಚರ್ಚೆಗೆ ಸಂಬಂಧಿಸಿದುದು ಈ ಎರಡನೆಯದು.

ನಾಲ್ಕು ಅಪ್ಪಣೆಗಳು

ಬೆಸುಗೆಗಾರನು ಟಾರ್ಚಿನ ಸ್ವಿಚ್ಚನ್ನು ಒತ್ತಿದೊಡನೆ ಯಂತ್ರದೊಳಗೆ ಒಂದು ಕ್ರಮ ಮೊದಲಾಗುತ್ತದೆ. ಮೊದಲು ಸೊಲೆನಾಯ್ಡ್ ಕವಾಟ ತೆರೆದು ಆರ್ಗಾನ್ ಹರಿಯಬೇಕು. ಎರಡನೆಯದಾಗಿ, ಹಲವು ಸಾವಿರ ವೋಲ್ಟುಗಳ, ಹೆಚ್ಚು ಆವೃತ್ತಿಯ ಕಿಡಿ ಕಡ್ಡಿಯ ತುದಿಯಿಂದ ಲೋಹಕ್ಕೆ ನೆಗೆದು ಚಾಪಕ್ಕೆ ದಾರಿ ಮಾಡಬೇಕು. ಮೂರನೆಯದಾಗಿ, ಮುಖ್ಯ ಪ್ರವಾಹ ಬಂದು ಪೆಡಲು ಅಥವಾ ಗುಬುಟು ಹೇಳಿದಷ್ಟೇ ಪ್ರಮಾಣದಲ್ಲಿ ನಿಲ್ಲಬೇಕು. ನಾಲ್ಕನೆಯದಾಗಿ, ಸ್ವಿಚ್ಚನ್ನು ಬಿಟ್ಟಾಗ ಪ್ರವಾಹ ಮೆಲ್ಲಮೆಲ್ಲನೆ ಇಳಿದು ನಿಲ್ಲಬೇಕು. ಅನಂತರವೂ ಕಡ್ಡಿ ಆರುವವರೆಗೆ ಅನಿಲ ಹರಿಯುತ್ತಿರಬೇಕು.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷವನ್ನು ಪತ್ತೆಮಾಡುವ ಕೆಲಸ ಅರ್ಧ ಮುಗಿದಂತೆಯೇ ಸರಿ. ಸ್ವಿಚ್ಚನ್ನು ಒತ್ತಿದಾಗ ಕವಾಟದ ‘ಟಿಕ್’ ಎಂಬ ಸದ್ದು ಕೇಳದಿದ್ದರೆ ಅಪ್ಪಣೆ ಯಂತ್ರವನ್ನೇ ಮುಟ್ಟಿಲ್ಲ. ಸದ್ದು ಕೇಳಿ ಕಿಡಿ ಕಾಣದಿದ್ದರೆ ದೋಷ ಎರಡನೆಯ ಹಂತದ್ದು. ಕಿಡಿ ಕಂಡು ಚಾಪ ನಿಲ್ಲದಿದ್ದರೆ ಮೂರನೆಯದು. ಚಾಪ ಸರಿಯಾಗಿದ್ದೂ ಕಡ್ಡಿಯ ತುದಿ ಕೊನೆಯಲ್ಲಿ ನೀಲಿಯಾಗಿಯೋ ಕಪ್ಪಾಗಿಯೋ ತಿರುಗಿದರೆ ನಾಲ್ಕನೆಯದು. ಕಣ್ಣು ಕಿವಿಗಳೇ ಇಲ್ಲಿ ಮೊದಲ ಮೀಟರುಗಳು.

ಯಂತ್ರವನ್ನು ಬಿಚ್ಚುವ ಮುನ್ನ

ದೋಷವೆಂದು ತೋರುವುದೆಲ್ಲ ದೋಷವಲ್ಲ. ಬಣ್ಣದ ಮೇಲೆ ಕಚ್ಚಿಸಿದ ಅರ್ತ್ ಕ್ಲ್ಯಾಂಪು, ಖಾಲಿಯಾದ ಸಿಲಿಂಡರು, ಅದಲುಬದಲಾದ ಕೇಬಲ್ಲುಗಳು ನಿಯಂತ್ರಣದ ದೋಷವನ್ನು ಅನುಕರಿಸುತ್ತವೆ. ಬಹುತೇಕ ಯಂತ್ರಗಳಲ್ಲಿ ‘2ಟಿ’ ಮತ್ತು ‘4ಟಿ’ ಎಂಬ ಎರಡು ಸ್ಥಾನಗಳ ಸ್ವಿಚ್ಚೊಂದಿರುತ್ತದೆ. ಮೊದಲನೆಯದರಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಾಪ. ಎರಡನೆಯದರಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಚಾಪ ಉಳಿಯುತ್ತದೆ, ನಿಲ್ಲಿಸಲು ಮತ್ತೊಮ್ಮೆ ಒತ್ತಬೇಕು. ಇದು ತಿಳಿಯದೆ ‘ಸ್ವಿಚ್ಚು ಅಂಟಿಕೊಂಡಿದೆ’ ಎಂದು ಟಾರ್ಚನ್ನು ಬಿಚ್ಚಿದವರನ್ನು ಕಂಡಿದ್ದೇವೆ. ಮನೆಯ ತಂತಿಗಳು ತೆಳುವಾಗಿದ್ದರೂ ಇಂಥ ತೊಡಕು ಬರುವುದುಂಟು. 100 ಆಂಪಿಯರಿನಲ್ಲಿ ಚಾಪದ ವೋಲ್ಟೇಜು ಸುಮಾರು 14. ಆದುದರಿಂದ ಚಾಪಕ್ಕೆ ಸಲ್ಲುವ ಶಕ್ತಿ 1,400 ವಾಟ್. ಯಂತ್ರದ ನಷ್ಟವನ್ನು ಸೇರಿಸಿದರೆ ಗೋಡೆಯ ಸಾಕೆಟ್ಟಿನಿಂದ 10 ಆಂಪಿಯರಿಗೂ ಮಿಗಿಲಾದ ಪ್ರವಾಹ ಬೇಕಾಗುತ್ತದೆ. ಸಡಿಲವಾದ ಪ್ಲಗ್ಗಿನಲ್ಲಿ ವೋಲ್ಟೇಜು ಕುಸಿದರೆ ಯಂತ್ರ ತನ್ನ ರಕ್ಷಣೆಗಾಗಿ ತಾನೇ ನಿಂತುಬಿಡುತ್ತದೆ.

ಯಂತ್ರದ ಪೆಟ್ಟಿಗೆಯನ್ನು ತೆರೆಯುವುದು ಕಟ್ಟಕಡೆಯ ಕೆಲಸವೆಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಕಾರಣ ಸ್ಪಷ್ಟ. ಒಳಗಿನ ಧಾರಕಗಳು ಒಟ್ಟು 940 ಮೈಕ್ರೋಫ್ಯಾರಡ್ ಇದ್ದು 325 ವೋಲ್ಟಿಗೆ ತುಂಬಿದ್ದರೆ, ½CV² ಸೂತ್ರದಂತೆ ಅವುಗಳಲ್ಲಿ ಅಡಗಿರುವ ಶಕ್ತಿ ಸುಮಾರು 50 ಜೂಲ್. ಪ್ಲಗ್ಗನ್ನು ಕಿತ್ತ ಮೇಲೂ ಇದು ಉಳಿದಿರಬಹುದು. ಪ್ರಾಣಕ್ಕೆ ಅಪಾಯ ತರಲು ಇಷ್ಟು ಸಾಕು. ತೆರೆಯಲೇಬೇಕಾದಾಗ ಪ್ಲಗ್ಗನ್ನು ಕಿತ್ತು, ಹಲವು ನಿಮಿಷ ಕಾದು, ಧಾರಕದ ತುದಿಗಳ ವೋಲ್ಟೇಜನ್ನು ಅಳೆದು, ಉಳಿದುದನ್ನು 2,000 ಓಮಿನ, 10 ವಾಟಿನ ತಂತಿಸುತ್ತಿನ ರೋಧಕದ ಮೂಲಕ ಇಳಿಸಬೇಕು. ಇಲ್ಲಿ ಕಾಲಾಂಕ 0.00094 × 2,000, ಎಂದರೆ 1.9 ಸೆಕೆಂಡು, ಐದು ಕಾಲಾಂಕಗಳು, ಸುಮಾರು 10 ಸೆಕೆಂಡು, ಕಳೆದರೆ 325 ವೋಲ್ಟು ಕೇವಲ 2 ವೋಲ್ಟಿಗೆ ಇಳಿಯುತ್ತದೆ. ಇಳಿದಿದೆಯೆಂದು ಊಹಿಸದೆ ಮತ್ತೊಮ್ಮೆ ಅಳೆಯತಕ್ಕದ್ದು. ಸ್ಕ್ರೂಡ್ರೈವರಿನಿಂದ ತುದಿಗಳನ್ನು ಕೂಡಿಸಿ ಕಿಡಿ ಹಾರಿಸುವ ರೂಢಿ ಎಂದಿಗೂ ಸಲ್ಲದು. ವಿದ್ಯಾರ್ಥಿಗಳು ಈ ಕೆಲಸವನ್ನು ಒಬ್ಬರೇ ಇದ್ದು ಮಾಡಕೂಡದು.

ಟಾರ್ಚಿನ ಸ್ವಿಚ್ಚು

ನಿಯಂತ್ರಣಾಂಗಗಳಲ್ಲಿ ಅತಿ ಅಗ್ಗವಾದುದೂ ಅತಿ ಹೆಚ್ಚು ದುಡಿಯುವುದೂ ಟಾರ್ಚಿನ ಹಿಡಿಯಲ್ಲಿರುವ ಸಣ್ಣ ಸ್ವಿಚ್ಚು. ಅದು ಕೆಡುವುದಕ್ಕಿಂತ ಮೊದಲು ಅದರ ತಂತಿ ಕೆಡುವುದೇ ಹೆಚ್ಚು. ಕೇಬಲ್ಲು ಹಿಡಿಯಿಂದ ಹೊರಡುವ ಕಡೆಯಲ್ಲಿ ದಿನವೂ ನೂರಾರು ಬಾರಿ ಬಾಗಿ, ಮೇಲಿನ ಹೊದಿಕೆ ನೆಟ್ಟಗಿರುವಾಗಲೇ ಒಳಗಿನ ತಾಮ್ರದ ಎಳೆಗಳು ಮುರಿಯುತ್ತವೆ. ಆಗ ಟಾರ್ಚನ್ನು ಒಂದು ಕೋನದಲ್ಲಿ ಹಿಡಿದರೆ ಯಂತ್ರ ನಡೆಯುತ್ತದೆ, ಇನ್ನೊಂದು ಕೋನದಲ್ಲಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಯಂತ್ರವನ್ನು ಆರಿಸಿ, ನಿಯಂತ್ರಣದ ಪ್ಲಗ್ಗನ್ನು ಬಿಡಿಸಿ, ಅದರ ಎರಡು ಕಡ್ಡಿಗಳಿಗೆ ಓಮ್‌ಮೀಟರನ್ನು ಹಚ್ಚಿ ಸ್ವಿಚ್ಚನ್ನು ಒತ್ತಬೇಕು. ರೋಧ ಒಂದೆರಡು ಓಮುಗಳಿಗೆ ಇಳಿದು, ಬಿಟ್ಟಾಗ ಅನಂತವಾದರೆ ಸ್ವಿಚ್ಚು ಸರಿಯಾಗಿದೆ. ಒತ್ತಿ ಹಿಡಿದಿರುವಾಗಲೇ ಕೇಬಲ್ಲನ್ನು ಉದ್ದಕ್ಕೂ ಬಾಗಿಸಿ ನೋಡಬೇಕು. ಮುಳ್ಳು ನಡುಗಿದ ಕಡೆಯಲ್ಲಿ ಎಳೆ ಮುರಿದಿದೆ. ಇಂಥ ಕ್ಷಣಿಕ ಬಿಡಿತಗಳನ್ನು ತೋರಿಸುವುದರಲ್ಲಿ ಹಳೆಯ ಮುಳ್ಳಿನ ಮೀಟರು ಅಂಕಿಯ ಮೀಟರಿಗಿಂತ ಮೇಲು. ಮುರಿದ ಭಾಗವನ್ನು ಕತ್ತರಿಸಿ, ಉಳಿದುದನ್ನು ಸಾಲ್ಡರ್ ಮಾಡಿ, ಬೆಸೆದ ಜಾಗ ಬಾಗದಂತೆ ಹಿಡಿಯ ಒಳಕ್ಕೆ ಸರಿಸಿದರೆ ದುರಸ್ತಿ ಮುಗಿಯಿತು.

ಟಾರ್ಚು ತಪ್ಪಿತಸ್ಥನೋ ಯಂತ್ರವೋ ಎಂಬ ಸಂದೇಹ ಉಳಿದರೆ, ಯಂತ್ರದ ಸಾಕೆಟ್ಟಿನಲ್ಲಿ ಸ್ವಿಚ್ಚಿಗೆ ಸೇರಿದ ಎರಡು ತುದಿಗಳನ್ನು ಒಂದು ತಂತಿಯಿಂದ ಕ್ಷಣಕಾಲ ಕೂಡಿಸಿ ಕವಾಟದ ಸದ್ದನ್ನು ಆಲಿಸಬಹುದು. ಆದರೆ ಮೊದಲು ಕೈಪಿಡಿಯಿಂದ ಆ ತುದಿಗಳಾವುವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೆಡಲಿಗೆ ವೋಲ್ಟೇಜು ಒದಗಿಸುವ ತುದಿಗಳನ್ನು ತಪ್ಪಿ ಕೂಡಿಸಿದರೆ ಕೆಟ್ಟಿಲ್ಲದ ಯಂತ್ರ ಕೆಡುತ್ತದೆ. ಕಿಡಿ ಹುಟ್ಟದಂತೆ ಯಂತ್ರವನ್ನು ತಾಗಿಸಿ ಎತ್ತುವ ಕ್ರಮಕ್ಕೆ, ಎಂದರೆ ‘ಲಿಫ್ಟ್’ ಸ್ಥಾನಕ್ಕೆ ತಿರುಗಿಸಿ, ಟಾರ್ಚನ್ನು ಅವಾಹಕದ ಕೊಕ್ಕೆಗೆ ತೂಗುಹಾಕಿದ ಮೇಲೆಯೇ ಈ ಪರೀಕ್ಷೆ ಮಾಡತಕ್ಕದ್ದು.

ಪೆಡಲಿನ ಪೊಟೆನ್ಶಿಯೋಮೀಟರು

ನಮ್ಮನ್ನು ಬಹಳ ದಿನ ಕಾಡಿದ ದೋಷ ಪೆಡಲಿನದು. 1.2 ಮಿಲಿಮೀಟರ್ ದಪ್ಪದ ತುಕ್ಕುಹಿಡಿಯದ ಉಕ್ಕಿನ ತಗಡನ್ನು ಬೆಸೆಯುತ್ತಿದ್ದೆವು. ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬ ರೂಢಿಯ ಲೆಕ್ಕದಂತೆ ಇದಕ್ಕೆ 48 ಆಂಪಿಯರ್ ಸಾಕು. ಚಾಪ ಸ್ಥಿರವಾಗಿದ್ದು, ಇದ್ದಕ್ಕಿದ್ದಂತೆ ಭಗ್ಗನೆ ಉರಿದು, ತಗಡಿನಲ್ಲಿ ಕಿರುಬೆರಳು ತೂರುವಷ್ಟು ತೂತು ಬಿತ್ತು. ಒಂದು ವಾರದಲ್ಲಿ ನಾಲ್ಕು ಪಾತ್ರೆಗಳು ಹೀಗೆ ಹಾಳಾದುವು. ನಿಯಂತ್ರಣ ಫಲಕವೇ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸ ಫಲಕಕ್ಕೆ ಹಣ ಕೂಡಿಸಲು ತೊಡಗಿದ್ದೆವು.

ಪೆಡಲಿನೊಳಗೆ ಇರುವುದು ಎರಡೇ ಅಂಗಗಳು: ಕಾಲಿಟ್ಟೊಡನೆ ಕೂಡಿಕೊಳ್ಳುವ ಒಂದು ಸಣ್ಣ ಸ್ವಿಚ್ಚು, ಮತ್ತು ಹಲ್ಲುಚಕ್ರದಿಂದ ತಿರುಗುವ 10,000 ಓಮಿನ ಒಂದು ಪೊಟೆನ್ಶಿಯೋಮೀಟರು. ಅದರ ಎರಡು ಕೊನೆಗಳಿಗೆ ಯಂತ್ರ 5 ವೋಲ್ಟು ಕೊಡುತ್ತದೆ. ನಡುವಿನ ಜಾರುವ ಸ್ಪರ್ಶಕ 0ಯಿಂದ 5 ವೋಲ್ಟಿನವರೆಗೆ ಎಷ್ಟನ್ನು ಹಿಂದಿರುಗಿಸುತ್ತದೆಯೋ ಅಷ್ಟಕ್ಕೆ ತಕ್ಕಂತೆ 0ಯಿಂದ 200 ಆಂಪಿಯರ್ ಹರಿಯುತ್ತದೆ. ನಮ್ಮ 48 ಆಂಪಿಯರ್ ಎಂದರೆ 1.2 ವೋಲ್ಟು. ಸ್ಪರ್ಶಕ ಸದಾ ಅದೇ ಜಾಗದಲ್ಲಿ ಉಜ್ಜುತ್ತಿದ್ದುದರಿಂದ ಇಂಗಾಲದ ಹಾದಿ ಅಲ್ಲಿ ಸವೆದು, ಉಕ್ಕಿನ ಪುಡಿಯೂ ಸೇರಿ, ಸ್ಪರ್ಶ ಆಗಾಗ ತಪ್ಪುತ್ತಿತ್ತು. ಸ್ಪರ್ಶ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಆ ತಂತಿಯನ್ನು ಬಿಡಿಸಿ ಯಂತ್ರದ ಸಾಕೆಟ್ಟಿನಲ್ಲಿ ಅಳೆದೆವು: 4.5 ವೋಲ್ಟು! ಎಂದರೆ ಅಪ್ಪಣೆ ಇಲ್ಲದಾಗ ಯಂತ್ರ 180 ಆಂಪಿಯರಿನ ಅಪ್ಪಣೆ ಬಂದಿದೆಯೆಂದು ತಿಳಿಯುತ್ತಿತ್ತು. ತೂತುಗಳ ರಹಸ್ಯ ಇದೇ ಆಗಿತ್ತು.

ಹೊಸ ಪೊಟೆನ್ಶಿಯೋಮೀಟರು ಹಾಕಿದುದು ದುರಸ್ತಿ. ಆದರೆ ಅದೂ ಒಂದು ದಿನ ಸವೆಯುವುದು ನಿಶ್ಚಯವಾದುದರಿಂದ ಅಷ್ಟಕ್ಕೇ ಬಿಡದೆ, ಯಂತ್ರದ ಸಾಕೆಟ್ಟಿನ ಬಳಿಯಲ್ಲಿ ಸ್ಪರ್ಶಕದ ತಂತಿಗೂ ಶೂನ್ಯದ ತಂತಿಗೂ ನಡುವೆ 1,00,000 ಓಮಿನ ರೋಧಕವೊಂದನ್ನು ಸೇರಿಸಿದೆವು. ಈಗ ಸ್ಪರ್ಶ ತಪ್ಪಿದರೆ ವೋಲ್ಟೇಜು 0.45ಕ್ಕೆ ಬೀಳುತ್ತದೆ, ಅಪ್ಪಣೆ 18 ಆಂಪಿಯರಿಗೆ ಇಳಿಯುತ್ತದೆ. ತಗಡು ತೂತಾಗುವ ಬದಲು ಚಾಪ ಮಂಕಾಗುತ್ತದೆ. ಈ ರೋಧಕ ಮಾಮೂಲು ಕೆಲಸಕ್ಕೆ ಅಡ್ಡಿಯಾಗದೆ ಎಂದು ಕೇಳಬಹುದು. ಪೆಡಲು ಅರ್ಧಕ್ಕೆ ಇಳಿದಾಗ ವಿಭಾಜಕದ ತೋರಿಕೆಯ ರೋಧ 2,500 ಓಮ್, ಆದುದರಿಂದ 2.5 ವೋಲ್ಟಿಗೆ ಬದಲು 2.44 ವೋಲ್ಟು, 100 ಆಂಪಿಯರಿಗೆ ಬದಲು 97.6 ಆಂಪಿಯರ್ ದೊರೆಯುತ್ತದೆ. ಕಾಲಿಗೆ ಈ ಭೇದ ತಿಳಿಯುವುದೇ ಇಲ್ಲ. ರೋಧಕವನ್ನು ಪೆಡಲಿನೊಳಗೆ ಇಡದೆ ಯಂತ್ರದ ಬಳಿಯಲ್ಲಿಟ್ಟುದಕ್ಕೂ ಕಾರಣವಿದೆ: ಸ್ಪರ್ಶಕದ ತಂತಿ ಕೇಬಲ್ಲಿನಲ್ಲೇ ಮುರಿದರೂ ರಕ್ಷೆ ಉಳಿಯುತ್ತದೆ. ಆದರೂ ಶೂನ್ಯದ ತಂತಿಯೇ ಪೆಡಲಿನ ಬಳಿ ಮುರಿದರೆ ಇದು ಕಾಯದು; ಆಗ ಸ್ಪರ್ಶಕ ಪೂರ್ಣ ವೋಲ್ಟೇಜಿಗೆ ಏರುತ್ತದೆ. ಅಂಥ ಸಮಯಕ್ಕೆ, ಕಾಲನ್ನು ಎತ್ತಿದೊಡನೆ ಎಲ್ಲವನ್ನೂ ನಿಲ್ಲಿಸುವ ಪೆಡಲಿನ ಸ್ವಿಚ್ಚೇ ಗತಿ. ಆದಕಾರಣ ಆ ಸ್ವಿಚ್ಚನ್ನು ಯಾವ ಕಾರಣಕ್ಕೂ ತಪ್ಪಿಸಿ ಜೋಡಿಸಬಾರದು.

ಹೊಸ ಪೊಟೆನ್ಶಿಯೋಮೀಟರು ಬರುವವರೆಗೆ ಒಂದು ತಾತ್ಕಾಲಿಕ ಏರ್ಪಾಡು ಮಾಡಿಕೊಂಡಿದ್ದೆವು. 2,000 ಓಮಿನ ಐದು ರೋಧಕಗಳನ್ನು ಸಾಲಾಗಿ ಜೋಡಿಸಿದರೆ ಒಟ್ಟು 10,000 ಓಮ್ ಆಗುತ್ತದೆ. ಆರು ಸ್ಥಾನಗಳ ತಿರುಗು ಸ್ವಿಚ್ಚಿನಿಂದ ಅವುಗಳ ಕೂಡುಸ್ಥಾನಗಳನ್ನು ಆಯ್ದರೆ 0, 40, 80, 120, 160, 200 ಆಂಪಿಯರುಗಳ ಮೆಟ್ಟಿಲುಗಳು ಸಿಗುತ್ತವೆ. ಒಂದು ಸ್ಥಾನವನ್ನು ಬಿಡುವ ಮೊದಲೇ ಮುಂದಿನದನ್ನು ಮುಟ್ಟುವ ಜಾತಿಯ ಸ್ವಿಚ್ಚನ್ನೇ ಇಲ್ಲಿ ಬಳಸಬೇಕು. ಹೊಲಿಗೆ ಯಂತ್ರದ ಮೋಟಾರಿನ ಪೆಡಲನ್ನು ಜೋಡಿಸಬಹುದೇ ಎಂದು ಹಲವರು ಕೇಳುತ್ತಾರೆ. ಅದರ ಹೊರಕವಚವನ್ನೂ ಸ್ಪ್ರಿಂಗನ್ನೂ ಬಳಸಬಹುದು. ಒಳಗಿನ ಅಂಗಗಳು 230 ವೋಲ್ಟಿನ ಮೋಟಾರಿಗಾಗಿ ಮಾಡಿದವಾದುದರಿಂದ ಅವನ್ನು ತೆಗೆದುಹಾಕಿ ತಕ್ಕ ಪೊಟೆನ್ಶಿಯೋಮೀಟರನ್ನೂ ಸ್ವಿಚ್ಚನ್ನೂ ಕೂಡಿಸಬೇಕು.

ಅನಿಲದ ಕವಾಟವೂ ಕಾಲದ ಲೆಕ್ಕವೂ

ಚಾಪ ಆರಿದ ಮೇಲೆ ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡಿನಂತೆ ಅನಿಲ ಹರಿಯಬೇಕೆಂಬುದು ರೂಢಿಯ ನಿಯಮ. 100 ಆಂಪಿಯರಿಗೆ 10 ಸೆಕೆಂಡು. ಹಳೆಯ ಮಾದರಿಯ ಯಂತ್ರಗಳಲ್ಲಿ ಈ ಕಾಲವನ್ನು ಒಂದು ರೋಧಕವೂ ಒಂದು ಧಾರಕವೂ ಕೂಡಿ ನಿರ್ಣಯಿಸುತ್ತವೆ. 1,00,000 ಓಮೂ 100 ಮೈಕ್ರೋಫ್ಯಾರಡೂ ಇದ್ದರೆ ಕಾಲಾಂಕ 10 ಸೆಕೆಂಡು. ಧಾರಕ ಮುದಿಯಾಗಿ 40 ಮೈಕ್ರೋಫ್ಯಾರಡಿಗೆ ಇಳಿದರೆ ಅದು 4 ಸೆಕೆಂಡಾಗುತ್ತದೆ. ಆಗ ಕೆಂಪಗೆ ಕಾದಿರುವ ಟಂಗ್‌ಸ್ಟನ್ನಿಗೆ ಗಾಳಿ ತಾಗಿ ಬೆಳ್ಳಿಯಂತೆ ಹೊಳೆಯಬೇಕಾದ ತುದಿ ಕಪ್ಪಾಗುತ್ತದೆ. ಮುಂದಿನ ಬೆಸುಗೆ ಕೊಳೆಯಾಗುತ್ತದೆ. ಬೆಸುಗೆಗಾರನು ಅನಿಲವನ್ನು ಹಳಿಯುತ್ತಾನೆ, ಕಡ್ಡಿಯನ್ನು ಹಳಿಯುತ್ತಾನೆ. ತಪ್ಪು ಮಾತ್ರ ಕೆಲವೇ ರೂಪಾಯಿಗಳ ಧಾರಕದ್ದು. ಒಂದು ಗಡಿಯಾರದಿಂದ ಕಾಲವನ್ನು ಅಳೆದರೆ ಈ ದೋಷ ತಾನಾಗಿ ಬಯಲಾಗುತ್ತದೆ.

ಇದಕ್ಕೆ ವಿರುದ್ಧವಾದ ದೋಷ ಕವಾಟ ತೆರೆದೇ ಉಳಿಯುವುದು. ಅನಿಲದೊಡನೆ ಬಂದ ಕಸ ಕವಾಟದ ಪೀಠದಲ್ಲಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಇದನ್ನು ಬರಿಯ ಹಣದ ನಷ್ಟವೆಂದು ತಿಳಿಯಬಾರದು. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನಮೀಟರ್ ಆರ್ಗಾನ್ ಇರುತ್ತದೆ. ನಿಮಿಷಕ್ಕೆ 8 ಲೀಟರಿನಂತೆ ಹರಿದರೆ 15 ಗಂಟೆಗಳೊಳಗೆ, ಎಂದರೆ ಸಂಜೆಯಿಂದ ಮರುದಿನ ಬೆಳಗಿನೊಳಗೆ, ಅದು ಖಾಲಿಯಾಗುತ್ತದೆ. ಉದ್ದ, ಅಗಲ, ಎತ್ತರ ಮೂರು ಮೂರು ಮೀಟರಿನ ಮುಚ್ಚಿದ ಕೋಣೆಯ ಗಾತ್ರ 27 ಘನಮೀಟರ್. ಒಳಬಂದ ಆರ್ಗಾನ್ ಗಾಳಿಯೊಡನೆ ಸಮನಾಗಿ ಬೆರೆತು, ಅಷ್ಟೇ ಗಾತ್ರದ ಮಿಶ್ರಣ ಸಂದುಗಳಿಂದ ಹೊರಹೋಗುತ್ತದೆಂದು ಭಾವಿಸಿದರೆ, ಆಮ್ಲಜನಕ ಶೇಕಡಾ 21ರಿಂದ 16ಕ್ಕೆ ಇಳಿಯುತ್ತದೆ. 19.5ಕ್ಕಿಂತ ಕಡಮೆಯಾದರೆ ಕೆಲಸದ ಸ್ಥಳ ಸುರಕ್ಷಿತವಲ್ಲವೆಂದು ಎಣಿಸುವುದು ವಾಡಿಕೆ. ಆರ್ಗಾನ್ ಗಾಳಿಗಿಂತ 1.38 ಪಟ್ಟು ಭಾರವಾದುದರಿಂದ ನೆಲದ ಬಳಿ ಸ್ಥಿತಿ ಇನ್ನೂ ಕೆಟ್ಟದಾಗಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಉಸಿರಿಗೆ ಸುಳಿವೇ ಸಿಗದು. ಆದಕಾರಣ ಕೆಲಸ ಮುಗಿದೊಡನೆ ಸಿಲಿಂಡರಿನ ತಲೆಯ ಕವಾಟವನ್ನೇ ಮುಚ್ಚುವುದು, ಬೆಳಗ್ಗೆ ಬಾಗಿಲು ಕಿಟಕಿಗಳನ್ನು ತೆರೆದು ಸ್ವಲ್ಪ ಹೊತ್ತಾದ ಮೇಲೆ ಒಳಹೋಗುವುದು ನಮ್ಮ ಪದ್ಧತಿಯಾಗಿದೆ.

ಕಿಡಿ ಹುಟ್ಟದಿದ್ದರೆ

ಕಿಡಿಯನ್ನು ಹುಟ್ಟಿಸುವ ಭಾಗ ಕೆಟ್ಟರೆ ಅದನ್ನು ಮನೆಯಲ್ಲಿ ಬಿಚ್ಚುವ ಗೋಜಿಗೆ ನಾವು ಹೋಗುವುದಿಲ್ಲ, ಬಳಸುದಾರಿ ಹಿಡಿಯುತ್ತೇವೆ. ಲಿಫ್ಟ್ ಸ್ಥಾನವಿರುವ ಯಂತ್ರದಲ್ಲಿ ಕಡ್ಡಿಯನ್ನು ಲೋಹಕ್ಕೆ ಮುಟ್ಟಿಸಿ ಮೆಲ್ಲಗೆ ಎತ್ತಿದರೆ ಸಣ್ಣ ಪ್ರವಾಹದಿಂದ ಚಾಪ ಹೊತ್ತಿ, ಅನಂತರ ಬೆಳೆಯುತ್ತದೆ. ಅದೂ ಇಲ್ಲದಿದ್ದರೆ ಯಂತ್ರವನ್ನು ಸಾಮಾನ್ಯ ಕಡ್ಡಿ ಬೆಸುಗೆಯ ಸ್ಥಾನಕ್ಕೆ ತಿರುಗಿಸಿ, ಹಿಡಿಯಲ್ಲೇ ಅನಿಲದ ತಿರುಪು ಇರುವ ಟಾರ್ಚನ್ನು ಜೋಡಿಸಿ, ತುದಿಯನ್ನು ಗೀರಿ ಹೊತ್ತಿಸಬಹುದು. ಇಲ್ಲಿ ನಾಲ್ಕು ಅಪ್ಪಣೆಗಳನ್ನೂ ಕೈಯೇ ಕೊಡಬೇಕು. ಪ್ರವಾಹ ಮೆಲ್ಲನೆ ಇಳಿಯುವ ಅನುಕೂಲವಿಲ್ಲದ ಕಾರಣ ಬೆಸುಗೆಯ ಕೊನೆಯಲ್ಲಿ ಕುಳಿ ಬಿದ್ದು ಬಿರಿಯುತ್ತದೆ. ಕೊನೆಗೆ ಒಂದು ತುಂಡು ತಗಡನ್ನು ಕೂಡಿಸಿಕೊಂಡು ಚಾಪವನ್ನು ಅದರ ಮೇಲೆ ಮುಗಿಸಿ, ಆಮೇಲೆ ಅದನ್ನು ಕತ್ತರಿಸಬೇಕು. ಇನ್ನೊಂದು ಮಾತು: ಈ ಏರ್ಪಾಡಿನಲ್ಲಿ ಟಾರ್ಚಿಗೆ ಸ್ವಿಚ್ಚೇ ಇಲ್ಲ. ಯಂತ್ರ ನಡೆಯುತ್ತಿರುವಷ್ಟು ಹೊತ್ತೂ ಕಡ್ಡಿಯಲ್ಲಿ 60ರಿಂದ 80 ವೋಲ್ಟು ಇದ್ದೇ ಇರುತ್ತದೆ. ಟಾರ್ಚನ್ನು ಕೆಳಗಿಡಲು ಅವಾಹಕದ ಕೊಕ್ಕೆಯಿಲ್ಲದೆ ಇದನ್ನು ಕೈಗೊಳ್ಳಬಾರದು.

ನಮ್ಮ ತಪ್ಪು

ಬಳಸುದಾರಿಗಳಲ್ಲಿ ಒಳ್ಳೆಯದಾವುದು, ಕೆಟ್ಟದಾವುದು ಎಂಬುದನ್ನು ನಾವು ಕಲಿತುದು ನಮ್ಮದೇ ತಪ್ಪಿನಿಂದ. ಟಾರ್ಚಿನ ಸ್ವಿಚ್ಚು ಒಮ್ಮೆ ಪೂರ್ತಿಯಾಗಿ ಮುರಿಯಿತು. ಕೆಲಸ ಅವಸರದ್ದಾಗಿತ್ತು. ಮನೆಯಲ್ಲಿದ್ದ ದೀಪದ ಸ್ವಿಚ್ಚೊಂದನ್ನು ಮೇಜಿನ ಅಂಚಿಗೆ ಬಿಗಿದು ಅದರಿಂದಲೇ ಯಂತ್ರಕ್ಕೆ ಅಪ್ಪಣೆ ಕೊಡುವಂತೆ ಮಾಡಿದೆವು. ಒಂದು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಮರುದಿನ ಬೆಸುಗೆಯ ಕೊನೆಯಲ್ಲಿ ನಮ್ಮಲ್ಲೊಬ್ಬರು ಟಾರ್ಚನ್ನು ಮೇಲೆತ್ತಿದರು, ಚಾಪ ಆರಿತು. ಕೆಲಸ ಮುಗಿಯಿತೆಂದು ಮುಖದ ಕವಚವನ್ನು ತೆಗೆದು ಟಾರ್ಚನ್ನು ಉಕ್ಕಿನ ಮೇಜಿನ ಮೇಲಿಟ್ಟರು. ಸ್ವಿಚ್ಚು ಮಾತ್ರ ಹಾಕಿದಂತೆಯೇ ಇತ್ತು. ಕಿಡಿ ಮೇಜಿಗೆ ನೆಗೆಯಿತು. ಬರಿಗಣ್ಣಿನ ಎದುರು, ಒಂದು ಮೊಳ ದೂರದಲ್ಲಿ, ಚಾಪ ಹೊತ್ತಿ ಉರಿಯಿತು. ಇನ್ನೊಬ್ಬರು ಓಡಿಹೋಗಿ ಗೋಡೆಯ ಸ್ವಿಚ್ಚನ್ನು ಆರಿಸಿದರು. ಆ ಹೊತ್ತಿಗೆ ಏನೂ ಆಗಿಲ್ಲವೆಂದೇ ತೋರಿತು. ಚಾಪದ ಅತಿನೇರಿಳೆ ಕಿರಣಗಳು ಕಣ್ಣಿಗೆ ಮಾಡುವ ಹಾನಿ ಹಲವು ಗಂಟೆಗಳಾದ ಮೇಲೆಯೇ ತಿಳಿಯುವುದು. ನಡುರಾತ್ರಿ ಕಣ್ಣಿನಲ್ಲಿ ಮರಳು ಸುರಿದಂತೆ ಉರಿ ಮೊದಲಾಗಿ, ಎರಡು ದಿನ ಅವರು ಕತ್ತಲೆಯ ಕೋಣೆಯಲ್ಲಿರಬೇಕಾಯಿತು. ದೃಷ್ಟಿ ಉಳಿದುದು ನಮ್ಮ ಅದೃಷ್ಟ.

ದೀಪದ ಸ್ವಿಚ್ಚನ್ನು ಕೊಂಡ ಅಂಗಡಿಯಲ್ಲೇ ಕರೆಗಂಟೆಯ ಗುಂಡಿಯೂ ದೊರೆಯುತ್ತದೆ. ಬೆಲೆಯಲ್ಲಿಯೂ ಹೆಚ್ಚು ಅಂತರವಿಲ್ಲ. ವಿದ್ಯುನ್ಮಂಡಲದ ಚಿತ್ರದಲ್ಲಿ ಎರಡೂ ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ಆದರೆ ದೀಪದ ಸ್ವಿಚ್ಚು ಕೊಟ್ಟ ಅಪ್ಪಣೆಯನ್ನು ಮನುಷ್ಯ ಮರೆತ ಮೇಲೂ ಉಳಿಸಿಕೊಳ್ಳುತ್ತದೆ. ಕರೆಗಂಟೆಯ ಗುಂಡಿಯಾದರೋ ಬೆರಳು ತೆಗೆದೊಡನೆ ಅಪ್ಪಣೆಯನ್ನು ಹಿಂದಕ್ಕೆ ಪಡೆಯುತ್ತದೆ. ಅಂದಿನಿಂದ ನಾವು ಮಾಡುವ ಪ್ರತಿಯೊಂದು ತಾತ್ಕಾಲಿಕ ಏರ್ಪಾಡನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸುತ್ತೇವೆ: ಕೈ ಜಾರಿದರೆ, ತಂತಿ ಮುರಿದರೆ, ಸ್ಪರ್ಶ ತಪ್ಪಿದರೆ, ಈ ಯಂತ್ರ ನಿಲ್ಲುತ್ತದೆಯೋ ಹೆಚ್ಚುತ್ತದೆಯೋ? ನಿಲ್ಲುವುದಾದರೆ ಆ ಏರ್ಪಾಡನ್ನು ಒಪ್ಪಬಹುದು. ಹೆಚ್ಚುವುದಾದರೆ, ಅದು ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ, ಕಿತ್ತುಹಾಕಬೇಕು. ಅತಿಶಾಖವನ್ನು ತಡೆಯುವ ಸ್ವಿಚ್ಚನ್ನು ತಂತಿಯಿಂದ ಕೂಡಿಸಿಬಿಡುವುದು, ಅರ್ತ್ ತಂತಿಯನ್ನು ಬಿಡಿಸುವುದು ಮುಂತಾದುವು ಈ ಪ್ರಶ್ನೆಯ ಮುಂದೆ ಒಂದು ಕ್ಷಣವೂ ನಿಲ್ಲಲಾರವು. ಅವು ದೋಷವನ್ನು ಬಳಸಿ ಹೋಗುವ ಉಪಾಯಗಳಲ್ಲ. ರಕ್ಷೆಯನ್ನು ಬಳಸಿ ಹೋಗುವ ಉಪಾಯಗಳು.

ಉಪಸಂಹಾರ

ಮೇಲೆ ವಿವರಿಸಿದ ದೋಷಗಳಲ್ಲಿ ಯಾವುದೂ ಯಂತ್ರದ ಮುಖ್ಯ ಫಲಕದಲ್ಲಿರಲಿಲ್ಲ ಎಂಬುದು ಗಮನಾರ್ಹ. ಮುರಿದ ಎಳೆ, ಸವೆದ ಇಂಗಾಲದ ಹಾದಿ, ಮುದಿಯಾದ ಧಾರಕ, ಕವಾಟದ ಕಸ—ಚಲಿಸುವ, ಬಾಗುವ, ಉಜ್ಜುವ, ವಯಸ್ಸಾಗುವ ಅಂಗಗಳೇ ಮೊದಲು ಕೆಡುತ್ತವೆ. ಅಲ್ಲಿಂದಲೇ ಹುಡುಕಲು ತೊಡಗುವುದು ಹಣಕ್ಕೂ ಕಾಲಕ್ಕೂ ಒಳ್ಳೆಯದು.

ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದನ್ನು ಯಂತ್ರವಿಲ್ಲದೆಯೂ ಕಲಿಸಬಹುದು. ಸವೆದ ಒಂದು ಪೊಟೆನ್ಶಿಯೋಮೀಟರು, 5 ವೋಲ್ಟಿನ ಒಂದು ಮೂಲ, ಒಂದು ಮುಳ್ಳಿನ ಮೀಟರು, 1,00,000 ಓಮಿನ ಒಂದು ರೋಧಕ—ಇಷ್ಟು ಸಾಕು. ಸ್ಪರ್ಶ ತಪ್ಪಿದಾಗ ಮುಳ್ಳು ಎತ್ತ ಓಡುತ್ತದೆ, ರೋಧಕವನ್ನು ಸೇರಿಸಿದ ಮೇಲೆ ಎತ್ತ ಓಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಾಣಲಿ. ವಿಭವವಿಭಾಜಕದ ಸೂತ್ರವನ್ನು ಬಲ್ಲವರು ಅನೇಕರಿದ್ದಾರೆ. ಅದರ ಒಂದು ತಂತಿ ಕಡಿದರೆ ಏನಾದೀತೆಂದು ಮುಂಚಿತವಾಗಿ ಕೇಳಿಕೊಳ್ಳುವ ಅಭ್ಯಾಸ ಅವರಿಗೆ ಈ ಸಣ್ಣ ಪ್ರಯೋಗದಿಂದ ಬಂದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇವೆ.